ಕುಪ್ಪೇಲೂರಿನ ಫೋನು ಕಟ್ಟಾದ ದಿನ

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಸುಧಾರಾಣಿ ಒಂಬತ್ತು ವರ್ಷಗಳಿಂದ ಫೋನಿನಲ್ಲಿ ಮಾತಾಡುತ್ತಿದ್ದಳು. ಅದೇ ಅವಳ ಕೆಲಸ. ಎಲೆ ಮುದುಡ್ಯಾವು, ಹೂವು ಉದುರಾಕತ್ತಾವು, ಬಿತ್ತಿ ಹತ್ತು ದಿನ ಆದ್ರೂ ಮೊಳಕಿ ಬಂದಿಲ್ಲ ಅಂತ ರೈತರು ಫೋನು ಮಾಡುವರು. ಇವಳು ನಾಲ್ಕು ಪ್ರಶ್ನೆ ಕೇಳಿ, ಏನು ಮಾಡಬೇಕು ಏನು ಮಾಡಬಾರದು ಅಂತ ಹೇಳುವಳು. ಬ್ಯಾಡಗಿ ಕಡೆಯ ಮೆಣಸಿನಕಾಯಿ ರೈತರಲ್ಲಿ ಕೆಲವರು ಫೋನು ಎತ್ತಿದವರ ದನಿ ಬೇರೆ ಎಂದು ಗೊತ್ತಾದರೆ, "ಆ ಮೇಡಮ್ಮಾರಿಗೆ ಕೊಡ್ರಿ" ಎಂದು ಕೇಳುವಷ್ಟು ಅವಳ ಮಾತಿಗೆ ಬೆಲೆಯಿತ್ತು. ಅವಳಿಗೆ ಎರಡೂ ಕಣ್ಣು ಕಾಣುವುದಿಲ್ಲ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ಕಾರಣವೂ ಇರಲಿಲ್ಲ.

ಅವಳ ತವರು ಗುತ್ತಲ. ಎಂಟನೇ ವಯಸ್ಸಿಗೆ ಜ್ವರ ಬಂತು, ಹದಿನೈದು ದಿನ ಬಿಡಲಿಲ್ಲ, ಬಿಟ್ಟು ಹೋಗುವಾಗ ಕಣ್ಣು ತಗೊಂಡು ಹೋಯಿತು. ಮನೆಯಲ್ಲಿ ಎಲ್ಲರೂ ಅತ್ತರು. ಅಪ್ಪ ಹಾಲಸಿದ್ದಪ್ಪ ಮಾತ್ರ ಮೂರು ತಿಂಗಳಾದ ಮೇಲೆ ಮಗಳ ಕೈ ಹಿಡಿದು ಹೊಲಕ್ಕೆ ಕರೆದೊಯ್ದ. "ಕಣ್ಣು ಹೋದ್ರ ಹೋದವು, ಹೊಲ ಎಲ್ಲಿ ಹೋಗೇತಿ?" ಎನ್ನುತ್ತ ಒಂದೊಂದೇ ಗಿಡದ ಮೇಲೆ ಅವಳ ಬೆರಳು ಇಟ್ಟ. ಹತ್ತಿಯ ಎಲೆ ಹೇಗೆ, ಅಲಸಂದಿಯ ಎಲೆ ಹೇಗೆ, ಹುಳ ತಿಂದ ಎಲೆಯ ಅಂಚು ಹೇಗೆ ಎಂಬುದೆಲ್ಲ ಅವಳ ಬೆರಳಿಗೆ ಬಂದದ್ದು ಆಗ. ಮುಂದೆ ಹುಬ್ಬಳ್ಳಿಯಲ್ಲಿ ಅಂಧ ಮಕ್ಕಳ ಶಾಲೆ, ರಾಣೆಬೆನ್ನೂರಿನಲ್ಲಿ ಬಿ.ಎ., ಆಮೇಲೆ ಟೆಲಿಫೋನ್ ಆಪರೇಟರ್ ತರಬೇತಿ. ಮದುವೆಯಾದದ್ದು ಶಶಿಕಾಂತನನ್ನು. ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು. ಕಣ್ಣಿದ್ದ ಮನುಷ್ಯ, ಒಳ್ಳೆಯವನು, ಸ್ವಲ್ಪ ಅವಸರದವನು.

ಸುಧಾರಾಣಿಯ ಬಲಗೈ ಎಂದರೆ ಅವಳ ಆ್ಯಂಡ್ರಾಯ್ಡ್ ಫೋನು. ಪರದೆಯ ಮೇಲೆ ಬೆರಳಾಡಿಸಿದರೆ ಅಲ್ಲಿ ಏನಿದೆಯೋ ಅದನ್ನು ಓದಿ ಹೇಳುವ ದನಿ ಅದರಲ್ಲಿತ್ತು. ಆ ದನಿಯ ವೇಗವನ್ನು ಅವಳು ವರ್ಷದಿಂದ ವರ್ಷಕ್ಕೆ ಹೆಚ್ಚಿಸುತ್ತ ಹೋಗಿದ್ದಳು. ಪಕ್ಕದಲ್ಲಿ ಕೂತವರಿಗೆ ಅದು ಬಾಣಲೆಯಲ್ಲಿ ಕಾಳು ಹುರಿದ ಸಪ್ಪಳ, ಅವಳಿಗೆ ಮಾತ್ರ ಒಂದೊಂದು ಅಕ್ಷರವೂ ಬೇರೆ ಬೇರೆ. ಎಡಗಿವಿಯಲ್ಲಿ ರೈತ, ಬಲಗಿವಿಯಲ್ಲಿ ಔಷಧಿಗಳ ಪಟ್ಟಿ. ರೈತ ಉಸಿರು ತಗೊಳ್ಳುವಷ್ಟರಲ್ಲಿ ಉತ್ತರ ಅವಳ ನಾಲಿಗೆಯ ಮೇಲಿರುತ್ತಿತ್ತು.

ಜೂನ್ ತಿಂಗಳ ಒಂದು ಸೋಮವಾರ ಹೆಡ್ ಆಫೀಸಿನಿಂದ ಪೆಟ್ಟಿಗೆಗಳು ಬಂದವು. ಫೋನು ಎತ್ತುವ ಐದೂ ಜನರಿಗೆ ಒಂದೊಂದು. ಮ್ಯಾನೇಜರ್ ಶಿವಾನಂದ ತಾನೇ ಬಂದು ಅವಳ ಮೇಜಿನ ಮೇಲೆ ಒಂದೊಂದೇ ಸಾಮಾನು ಇಟ್ಟ. ಐಫೋನು, ಅದೇ ಕಂಪನಿಯ ಟ್ಯಾಬ್ಲೆಟ್ಟು, ಕೈಗಡಿಯಾರ, ತಂತಿಯಿಲ್ಲದೆ ಕಿವಿಯಲ್ಲಿ ಕೂರುವ ಇಯರ್‌ಫೋನು.

"ಎಲ್ಲಾ ಒಂದ ಮನೆತನದ್ದು ಮೇಡಂ. ಒಂದಕ್ಕೊಂದು ತಾವ ಮಾತಾಡ್ಕೋತಾವು. ಇನ್ಮ್ಯಾಲ ರೈತರ ಕಾಲ್ ಎಲ್ಲಾ ಇದರಾಗ ಬರ್ತಾವು, ಹಳೇ ಫೋನಿನ್ಯಾಗ ಬರಂಗಿಲ್ಲ."

"ನನ್ನ ಜೋಡಿ ಮಾತಾಡ್ತಾವೇನ್ರಿ ಸರ್?" ಎಂದಳು ಸುಧಾರಾಣಿ.

"ಆಡ್ತಾವ್ರಿ. ಕನ್ನಡನೂ ಬರ್ತೈತಂತ."

ಕನ್ನಡ ಬರುತ್ತಿತ್ತು. ದನಿಯೂ ಸ್ವಚ್ಛವಾಗಿತ್ತು. ಹಳೆಯದಕ್ಕಿಂತ ಚೆಂದವೆಂದೇ ಹೇಳಬೇಕು. ಆದರೆ ಅದು ಬೇರೆಯವರ ಮನೆಯ ಅಡುಗೆಮನೆ. ಎಲ್ಲ ಡಬ್ಬಿಗಳೂ ಇವೆ, ಯಾವುದರಲ್ಲಿ ಏನಿದೆ ಗೊತ್ತಿಲ್ಲ. ಹಳೆಯದರಲ್ಲಿ ಎರಡು ಬೆರಳು ಎಳೆದರೆ ಮುಂದಿನ ಪುಟ, ಇದಕ್ಕೆ ಮೂರು ಬೆರಳು. ಅಕ್ಷರಕ್ಕೆ ಅಕ್ಷರ ಓದಿಸಬೇಕಾದರೆ ಎರಡು ಬೆರಳಿಟ್ಟು ಬೀಗದ ಕೀಲಿ ತಿರುವಿದಂತೆ ತಿರುವಬೇಕು. ಒಂದು ಎಳೆ ಹೆಚ್ಚು ತಿರುವಿದರೆ ಅದು ಇನ್ನೇನನ್ನೋ ಹೇಳುತ್ತದೆ. ಕೈಗಡಿಯಾರ ಕಾರಣವಿಲ್ಲದೆ ಮಣಿಕಟ್ಟು ತಟ್ಟುತ್ತಿತ್ತು. ಇಯರ್‌ಫೋನಿನ ಒಂದು ಕಿವಿ ತೆಗೆದರೆ ಓದುತ್ತಿದ್ದುದು ಅರ್ಧಕ್ಕೇ ನಿಲ್ಲುತ್ತಿತ್ತು.

ಎರಡು ಫೋನು ಯಾಕೆ ಹೊರಬೇಕು ಎಂದು ಶಶಿಕಾಂತ ಅವಳ ಸ್ವಂತ ಸಿಮ್ಮನ್ನೂ ಹೊಸದಕ್ಕೇ ಹಾಕಿಕೊಟ್ಟ. ನಂತರ, "ಕೊಡು, ನಾ ಸೆಟ್ಟಿಂಗ್ ಮಾಡ್ತೀನಿ" ಎಂದು ಕೈಯಿಂದ ಎತ್ತಿಕೊಂಡ. ಓದುವ ದನಿ ಇರುವಾಗ ಕಣ್ಣಿದ್ದವರು ಒತ್ತಿದರೂ ಅದು ಸುಮ್ಮನೆ ಒತ್ತಿದ್ದಕ್ಕೆಲ್ಲ ಬಗ್ಗುವುದಿಲ್ಲ. ಅವನು ಬೇಸತ್ತು ದನಿಯನ್ನೇ ಆರಿಸಿ, ಏನೇನೋ ಸರಿಮಾಡಿ, ಮತ್ತೆ ಹಚ್ಚುವುದನ್ನು ಮರೆತು ಅಂಗಡಿಗೆ ಹೋದ. ಅವತ್ತು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಸುಧಾರಾಣಿಯ ಕೈಯಲ್ಲಿದ್ದದ್ದು ಒಂದು ಗಾಜಿನ ಹಲಗೆ. ಗಂಡನಿಗೆ ಫೋನು ಮಾಡಿ ಕೇಳೋಣವೆಂದರೆ ಮಾಡಬೇಕಾದ ಫೋನೇ ಮೂಕಾಗಿತ್ತು. ಬದಿಯ ಗುಂಡಿ ಮೂರು ಸಲ ಒತ್ತಿದರೆ ದನಿ ಬರುತ್ತದೆ ಎಂದು ಆಫೀಸಿನ ಹುಡುಗಿ ಶ್ರದ್ಧಾ ಹುಡುಕಿ ಹೇಳಿದ ಮೇಲೆ ಜೀವ ಬಂತು.

ಶಶಿಕಾಂತ ರಾತ್ರಿ ಊಟಕ್ಕೆ ಬಂದಾಗ ಸುಧಾರಾಣಿ ತಾಟು ಇಟ್ಟು ನೇರವಾಗಿ ಹೇಳಿದಳು: "ನೀವು ಅದನ್ನ ಮುಟ್ಟಬ್ಯಾಡ್ರಿ. ಕೆಟ್ಟರ ನನ್ನ ಕೈಯಿಂದ ಕೆಡ್ಲಿ."

"ನಿನಗ ಸಹಾಯ ಮಾಡಾಕ ಹೋದ್ರ..."

"ಗೊತ್ತೈತ್ರಿ. ಆದ್ರೂ ಬ್ಯಾಡ."

ಆ ವಾರ ಅವಳ ಕೈಗೆ ನೆಮ್ಮದಿ ಇರಲಿಲ್ಲ. ರೊಟ್ಟಿ ಬಡಿಯುವಾಗ ಎರಡು ಬೆರಳು ತಾವೇ ಹಿಟ್ಟಿನ ಮೇಲೆ ಕೀಲಿ ತಿರುವುತ್ತಿದ್ದವು. ಆಟೋದಲ್ಲಿ ಕೂತರೆ ತೊಡೆಯ ಮೇಲೆ ಮೂರು ಬೆರಳು ಎಳೆಯುತ್ತಿದ್ದವು. ಎರಡು ನಿಮಿಷ ಸುಮ್ಮನೆ ಕೂರಲಾಗದೆ ಎದ್ದು ನೀರು ಕುಡಿಯುವಳು, ಮತ್ತೆ ಕೂರುವಳು. ಮೊದಲು ದಿನಕ್ಕೆ ನಲವತ್ತು ಕರೆ ತಗೊಳ್ಳುತ್ತಿದ್ದವಳು ಈಗ ಹದಿನೈದಕ್ಕೆ ಸೋಲುತ್ತಿದ್ದಳು. ದನಿಯ ವೇಗ ಕಡಿಮೆ ಮಾಡಿಕೊಂಡರೆ ಸುಲಭವಾಗುತ್ತದೆ ಎಂದು ಶ್ರದ್ಧಾ ಹೇಳಿದಾಗ ಅವಳಿಗೆ ಸಿಟ್ಟು ಬಂತು. ಒಂಬತ್ತು ವರ್ಷ ಗಳಿಸಿದ ವೇಗ ಅದು. ಹೊಸ ದನಿಯನ್ನೂ ಮೊದಲ ದಿನವೇ ಹಳೆಯ ವೇಗಕ್ಕೆ ಏರಿಸಿದ್ದಳು, ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧವನ್ನು ಊಹಿಸುತ್ತಿದ್ದಳು. ಇಳಿಸಲು ಮನಸ್ಸು ಒಪ್ಪಲಿಲ್ಲ.

ಹೀಗೆ ನಡೆದಿರುವಾಗ ಜುಲೈ ಮೊದಲ ವಾರದ ಬುಧವಾರ, ಮುಂಜಾನೆ ಹನ್ನೊಂದರ ಸುಮಾರಿಗೆ ಆ ಕರೆ ಬಂತು.

"ನಮಸ್ಕಾರ್ರಿ ಮೇಡಮ್ಮಾರ. ನಾನು ಕುಪ್ಪೇಲೂರು ಮೈಲಾರೆಪ್ಪ. ನಿಮ್ಮದ ಗೊಂಜಾಳ ಹಾಕೇನ್ರಿ, ಇಪ್ಪತ್ತೆರಡು ದಿನ ಆತು. ಕಸ ಭಾಳ ಬಂದೈತಿ. ಅಂಗಡ್ಯಾಗ ಒಂದು ಕಳೆನಾಶಕ ಕೊಟ್ಟಾರ. ಹೊಡೀಲೇನ್ರಿ?" ಎಂದು ಔಷಧಿಯ ಹೆಸರು ಹೇಳಿದ.

ಹೆಸರು ಕೇಳಿದ ಕೂಡಲೇ ಅವಳಿಗೆ ಗೊತ್ತಾಯಿತು, ಗೋವಿನಜೋಳಕ್ಕೆ ಅದು ನಡೆಯುತ್ತದೆ. ಪ್ರಮಾಣ ಎಷ್ಟೆಂದು ಫೋನಿನಲ್ಲೇ ಹುಡುಕುತ್ತ, "ಹೊಡೀರ್ರಿ ಅಣ್ಣಾರ, ಗೊಂಜಾಳಕ್ಕ ಏನೂ ಆಗಂಗಿಲ್ಲ. ನೆಲದಾಗ ಹಸಿ ಇರಬೇಕು ಅಷ್ಟ" ಎಂದಳು.

"ಹಂಗಾರ ಮಧ್ಯಾಹ್ನ ಉಂಡು ಹೊಡದುಬಿಡ್ತೇನ್ರಿ. ಎರಡೂ ಎಕರೆ. ನಡುವ ನಡುವ ತೊಗರಿ ಸಾಲು ಅದಾವ್ರಿ, ಅದಕ್ಕೂ ಅಷ್ಟ ಹೊಡೀಲೇನು..."

ತೊಗರಿ. ಗೋವಿನಜೋಳಕ್ಕೆ ಏನೂ ಮಾಡದ ಆ ಔಷಧಿ ತೊಗರಿಯನ್ನು ವಾರದೊಳಗೆ ಒಣಗಿಸಿಬಿಡುತ್ತದೆ. ಬಲಗಿವಿಯಲ್ಲಿ ಓದುತ್ತಿದ್ದ ದನಿ ಗದ್ದಲ ಮಾಡುತ್ತಿತ್ತು. ಅದನ್ನು ಸುಮ್ಮನಿರಿಸಿ ಮಾತಾಡಬೇಕೆಂದು ಅವಳ ಕೈ ತನ್ನ ಹಳೇ ರೂಢಿಯಂತೆ ಫೋನಿನ ಮೇಲೆ ಎರಡು ಬೆರಳಿಂದ ಎರಡು ಸಲ ಪಟಪಟನೆ ಬಡಿಯಿತು. ಹಳೇ ಫೋನಿನಲ್ಲಿ ಹಾಗೆ ಬಡಿದರೆ ಓದುವ ದನಿ ನಿಲ್ಲುತ್ತಿತ್ತು. ಇದರಲ್ಲಿ ಕರೆಯೇ ನಿಂತುಹೋಯಿತು.

"ಅಣ್ಣಾರ? ಮೈಲಾರೆಪ್ಪಣ್ಣಾರ?"

ಏನೂ ಇಲ್ಲ. ರೈತರ ನಂಬರು ತಮಗೆ ಕಾಣದ ಹಾಗೆ ಹೆಡ್ ಆಫೀಸಿನವರು ಮಾಡಿದ್ದರು. ತಿರುಗಿ ಕರೆಯುವ ದಾರಿ ಇರಲಿಲ್ಲ. ಅವನೇ ಮತ್ತೆ ಮಾಡಬಹುದು ಎಂದು ಹತ್ತು ನಿಮಿಷ ಕಾದಳು. ಉಳಿದ ನಾಲ್ವರನ್ನೂ ಕೇಳಿದಳು, ಕುಪ್ಪೇಲೂರಿನವರು ಯಾರಾದರೂ ಮಾಡಿದರೇ? ಇಲ್ಲ. ಅವನಿಗೆ ಬೇಕಾದ ಉತ್ತರ ಸಿಕ್ಕಿತ್ತಲ್ಲ, ಹೊಡೀರಿ ಎಂದು. ಮತ್ತೆ ಯಾಕೆ ಮಾಡುತ್ತಾನೆ?

ಶಿವಾನಂದನ ಕೋಣೆಗೆ ಹೋದಳು. ಅವನು ಕೇಳಿಸಿಕೊಂಡು, "ಹೆಡ್ ಆಫೀಸಿಗೆ ಮೇಲ್ ಹಾಕ್ತೀನ್ರಿ, ನಂಬರ್ ಕೊಡ್ತಾರ. ಎರಡು ದಿನ ಹಿಡೀತೈತಿ" ಎಂದ.

"ಅಂವ ಇವತ್ತ ಮಧ್ಯಾಹ್ನ ಹೊಡೀತಾನ್ರಿ ಸರ್."

ಅವನು ಕುಪ್ಪೇಲೂರಿನ ಬೀಜ-ಔಷಧಿ ಅಂಗಡಿಯವರಿಗೆ ಎರಡು ಸಲ ಫೋನು ಮಾಡಿದ. ಯಾರೂ ಎತ್ತಲಿಲ್ಲ. "ಯಾರನ್ನಾರ ಕೇಳೇ ಹೊಡೀತಾನ ಬಿಡ್ರಿ. ರೈತರಿಗೆ ಇಷ್ಟು ಗೊತ್ತಿರಂಗಿಲ್ಲೇನು?"

"ಗೊತ್ತಿದ್ರ ನನಗ ಯಾಕ ಕೇಳ್ತಿದ್ದ?"

ತನ್ನ ಮೇಜಿಗೆ ಬಂದು ಕೂತಳು, ಎದ್ದಳು, ಮತ್ತೆ ಕೂತಳು. ಮುಂದಿನ ಕರೆ ಬಂತು, ಸೌತೆಬಳ್ಳಿಯ ಮಾತು. ಹೇಳಿದ್ದು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಅದನ್ನು ಶ್ರದ್ಧಾಳಿಗೆ ದಾಟಿಸಿ, ಕೋಲು ಬಿಡಿಸಿಕೊಂಡು, ಯಾರನ್ನೂ ಕೇಳದೆ ಹೊರಗೆ ನಡೆದಳು. ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದಾಗ ಕುಪ್ಪೇಲೂರಿನ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ರಟ್ಟೆ ಹಿಡಿದು ಹತ್ತಿಸಿದ.

ಬಸ್ಸು ಊರು ದಾಟಿದ ಮೇಲೆ ಮಣಿಕಟ್ಟಿನ ಗಡಿಯಾರ ತಟ್ಟತೊಡಗಿತು. ಶಿವಾನಂದ ಇರಬೇಕು. ಎತ್ತುವುದು ಹೇಗೆಂದು ತಡಕಾಡಿದಳು, ತಿಳಿಯಲಿಲ್ಲ. ತಟ್ಟಿ ತಟ್ಟಿ ಅದೇ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನಗುವ ದನಿಯಲ್ಲಿ, "ನನ್ನ ಫೋನೂ ಹಂಗ ನೋಡ್ರಿ ಅಕ್ಕಾರ. ಬಸುರಿ ಹೆಂಗಸರ ಲೆಕ್ಕ ಎಲ್ಲಾ ಇದರಾಗ ತುಂಬಬೇಕು, ಇದು ನೆಟ್‌ವರ್ಕ್ ಇಲ್ಲ ಅಂತೈತಿ" ಎಂದಳು. ಸಾಜಿಯಾ ಎಂದು ಹೆಸರು, ಕುಪ್ಪೇಲೂರಿನ ಆಶಾ ಕಾರ್ಯಕರ್ತೆ. ತಾಲೂಕು ಆಸ್ಪತ್ರೆಯ ಮೀಟಿಂಗು ಮುಗಿಸಿ ಊರಿಗೆ ಹೊರಟಿದ್ದಳು.

ಸುಧಾರಾಣಿ ಬಂದ ಕಾರಣ ಹೇಳಿದಳು.

"ಮೈಲಾರೆಪ್ಪ ಅಂದ್ರ ನಮ್ಮೂರಾಗ ಮೂರು ಮಂದಿ ಅದಾರ್ರಿ. ಒಬ್ಬಾಂವ ಮಗಳ ಮನಿಗೆ ಹಾವೇರಿಗೆ ಹೋಗ್ಯಾನ. ಉಳಿದಾವರು ಇಬ್ಬರು. ಅಡ್ಡಹೆಸರು ಏನು?"

"ಗೊತ್ತಿಲ್ಲ. ದನಿ ಗೊತ್ತೈತಿ."

"ಹಂಗಾರ ಬರ್ರಿ, ನಾನ ಕರಕೊಂಡು ಹೋಗ್ತೀನಿ. ದನಿ ಕೇಳೀರಂತ."

ಬಸ್ಸು ಎಲ್ಲ ಕಡೆ ನಿಂತಿತು. ನಿಂತಾಗಲೆಲ್ಲ ಸುಧಾರಾಣಿಯ ಕಾಲು ತಾನಾಗಿಯೇ ನೆಲ ಒದೆಯುತ್ತಿತ್ತು. ಎಷ್ಟು ಹೊತ್ತಾತ್ರಿ ಎಂದು ಮೂರು ಸಲ ಕೇಳಿದಳು. ಕೈಯಲ್ಲಿ ಹೊತ್ತು ಹೇಳುವ ಯಂತ್ರ ಕಟ್ಟಿಕೊಂಡು ಪಕ್ಕದವರನ್ನು ಕೇಳುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ಇಳಿದಾಗ ಒಂದೂವರೆ.

ಮೊದಲನೆಯ ಮೈಲಾರೆಪ್ಪ ಮನೆಯ ಕಟ್ಟೆಯ ಮೇಲೆಯೇ ಇದ್ದ. "ಯಾರವ್ವಾ?" ಎಂದ. ಕೆಮ್ಮು ತುಂಬಿದ, ವಯಸ್ಸಾದ ದನಿ. ಈ ದನಿ ಅಲ್ಲ ಎಂದು ಸುಧಾರಾಣಿ ತಲೆ ಅಲ್ಲಾಡಿಸಿದಳು. ಎರಡನೆಯವನ ಮನೆಯಲ್ಲಿ ಹೆಂಡತಿ ಪಾತ್ರೆ ತಿಕ್ಕುತ್ತಿದ್ದಳು. "ಉಂಡು ಹೊಲಕ್ಕ ಹೋದ್ರು, ಔಷಧಿ ಹೊಡ್ಯಾಕ" ಎಂದಳು.

ಆ ಮಾತು ಕೇಳಿದ ಮೇಲೆ ಸುಧಾರಾಣಿ ಕೋಲು ಮಡಚಿ ಚೀಲಕ್ಕೆ ಹಾಕಿದಳು. ಕೋಲಿನಿಂದ ನಡೆದರೆ ತಡವಾಗುತ್ತದೆ. ಸಾಜಿಯಾಳ ಹೆಗಲು ಹಿಡಿದಳು, ಇಬ್ಬರೂ ಅರ್ಧ ನಡೆದು ಅರ್ಧ ಓಡಿದರು. ಬದುವಿನ ಮೇಲೆ ಒಂದು ಸಲ ಕಾಲು ಜಾರಿ ಮೊಣಕಾಲೂರಿದಳು; ಅಂಗೈಗೆ ಹಸಿ ಮಣ್ಣು ಮೆತ್ತಿತು. ನೆಲದಾಗ ಹಸಿ ಇರಬೇಕು ಎಂದು ತಾನೇ ಹೇಳಿದ್ದಳು.

ಸಾಜಿಯಾಳಿಗೆ ಕಾಣುವ ಮೊದಲೇ ಅವಳಿಗೆ ಕೇಳಿಸಿತು. ಬೆನ್ನಿಗೆ ಹೊರುವ ಬ್ಯಾಟರಿ ಪಂಪಿನ ಗುಂಯ್ ಎನ್ನುವ ಸದ್ದು. ಗಾಳಿಯಲ್ಲಿ ಔಷಧಿಯ ಕಟು ವಾಸನೆಯೂ ಬಂತು. ಅವಳು ಸಾಜಿಯಾಳ ಹೆಗಲು ಬಿಟ್ಟು ಇದ್ದಷ್ಟು ದನಿ ತೆಗೆದು ಕೂಗಿದಳು.

"ಮೈಲಾರೆಪ್ಪಣ್ಣಾರ! ನಿಲ್ರಿ! ಹೊಡೀಬ್ಯಾಡ್ರಿ!"

ಪಂಪು ನಿಂತಿತು. ಎಲೆಗಳನ್ನು ಸರಿಸುತ್ತ ಹೆಜ್ಜೆಗಳು ಹತ್ತಿರ ಬಂದವು.

"ಯಾರ್ರಿ ಅದು? ಈ ದನಿ... ಬೀಜದ ಕಂಪನಿ ಮೇಡಮ್ಮಾರೇನು?"

ಅದೇ ದನಿ. ಸುಧಾರಾಣಿ ಅದರ ಕಡೆ ಎರಡು ಹೆಜ್ಜೆ ಇಟ್ಟಳು. "ಎಷ್ಟು ಹೊಡದೀರಿ?"

"ಅರ್ಧ ಎಕರೆ ಮುಗೀತು. ಯಾಕ?"

"ತೊಗರಿ ಹೋಗ್ತೈತ್ರಿ ಅಣ್ಣಾರ. ಆ ಔಷಧಿಗೆ ಗೊಂಜಾಳ ಉಳೀತೈತಿ, ತೊಗರಿ ಉಳಿಯಂಗಿಲ್ಲ."

ಮೈಲಾರೆಪ್ಪ ಪಂಪನ್ನು ಬೆನ್ನಿನಿಂದ ಇಳಿಸಿ ನೆಲದ ಮೇಲೆ ಇಟ್ಟ ಸದ್ದಾಯಿತು.

"ಹೊಡೀರಿ ಅಂದಾವರು ನೀವ ಅಲ್ಲೇನ್ರಿ?"

"ನಾನ. ನೀವು ಪೂರಾ ಹೇಳೋದ್ರೊಳಗ ಹೊಡೀರಿ ಅಂದೆ. ತೊಗರಿ ಅಂದಾಗ ಬ್ಯಾಡ ಅನ್ನಾಕ ಹೋದೆ, ಕೈ ತಪ್ಪಿ ಫೋನು ಕಟ್ಟಾತು. ತಪ್ಪು ನಂದು, ಔಷಧಿದೂ ಅಲ್ಲ, ನಿಮ್ಮದೂ ಅಲ್ಲ."

ಅವನು ಬೈಯುತ್ತಾನೆಂದು ಅವಳು ಕಾದಳು. ಬೈದ ಕೂಡ. ನಿಮಗ ಫೋನು ಮಾಡೋದ್ಕಿಂತ ಬೇವಿನ ಗಿಡಕ್ಕ ಕೇಳಿದ್ರ ಚಲೋ ಇತ್ತು ಎಂದ. ವರ್ಷಕ್ಕ ಆಗುವಷ್ಟು ಬ್ಯಾಳಿ ಈ ತೊಗರ್ಯಾಗ ಬರ್ತಿತ್ತು ಎಂದ. ಬೈದು ಮುಗಿದ ಮೇಲೆ ಅವನು ಅವಳನ್ನು ಸರಿಯಾಗಿ ನೋಡಿರಬೇಕು, ದನಿ ಬದಲಾಯಿತು.

"ಮೇಡಮ್ಮಾರ, ನಿಮಗ ಕಣ್ಣು..."

"ಕಾಣಂಗಿಲ್ರಿ. ಸಣ್ಣಾಕಿ ಇದ್ದಾಗಿಂದ."

"ಮತ್ತ ಹೋದ ವರ್ಷ ಎಲಿ ಹಳದಿ ಆಗ್ಯಾವು ಅಂದ್ರ ಬರೋಬ್ಬರಿ ಹೇಳಿದ್ರಲ್ಲ?"

"ನೀವು ಬರೋಬ್ಬರಿ ನೋಡಿ ಹೇಳಿದ್ರಿ."

ಅವಳು ಔಷಧಿ ಬಿದ್ದ ಸಾಲಿನ ಹತ್ತಿರ ಕರೆದೊಯ್ಯಲು ಹೇಳಿ, ಸೆರಗಿನ ತುದಿ ಕೈಗೆ ಸುತ್ತಿಕೊಂಡು ಗಿಡಗಳನ್ನು ಮುಟ್ಟಿ ನೋಡಿದಳು. ತೊಗರಿಯ ಎಲೆ ಒದ್ದೆಯಾಗಿತ್ತು, ಇನ್ನೂ ಎಳೆಯದು. ನೀರಿನಿಂದ ತೊಳೆದರೆ ಉಳಿಯುತ್ತದೇನೋ ಎಂದು ಅವನು ಕೇಳಿದ. ಇಲ್ಲ ಎಂದಳು. ಸುಳ್ಳು ಸಮಾಧಾನ ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಉಳಿದ ಒಂದೂವರೆ ಎಕರೆಯಲ್ಲಿ ಸಾಲುಗಳ ನಡುವಿನ ಕಸಕ್ಕೆ ಎಡೆಕುಂಟಿ ಹೊಡೆದು, ಸಾಲಿನೊಳಗಿನ ಕಸ ಕೈಯಿಂದ ತೆಗೆಸಲು ಹೇಳಿದಳು. ಮನೆಗೆ ಬಂದಾಗ ಅವನ ಹೆಂಡತಿ ಏನೂ ಕೇಳದೆ ಚಹಾ ಕೊಟ್ಟಳು.

ಆಫೀಸಿಗೆ ತಿರುಗಿ ಬಂದಾಗ ನಾಲ್ಕೂವರೆ. ಶಿವಾನಂದ ಬಾಗಿಲಲ್ಲೇ ಇದ್ದ. "ಹೇಳಲಾರದ ಹೋದ್ರ ಹೆಂಗ್ರಿ? ದಾರ್ಯಾಗ ಏನರ ಆಗಿದ್ರ? ಅದೂ ಅಲ್ದ, ತಪ್ಪು ನಂದು ಅಂತ ರೈತನ ಮುಂದ ಒಪ್ಪಿಕೊಂಡ್ರಂತಲ್ಲ? ಕಂಪನಿ ಪರವಾಗಿ ಹಂಗ ಅನ್ನಾಕ ಬರಂಗಿಲ್ಲ." ಕುಪ್ಪೇಲೂರಿನ ಅಂಗಡಿಯವನು ಮೈಲಾರೆಪ್ಪನಿಂದ ಕೇಳಿ ಅಷ್ಟರಲ್ಲಿ ಅವನಿಗೆ ಫೋನು ಮಾಡಿ ಎಲ್ಲ ಹೇಳಿದ್ದ.

"ಕಂಪನಿ ಪರವಾಗಿ ಅಂದಿಲ್ರಿ. ನನ್ನ ಪರವಾಗಿ ಅಂದೇನಿ," ಎಂದಳು. "ಸರ್, ನನಗ ಹತ್ತು ದಿನ ರಜಾ ಬೇಕು."

"ಯಾಕ?"

"ಇದನ್ನ ಕಲ್ಯಾಕ. ಕಲೀಲಾರದ ಕುಂತಿದ್ದ ತಪ್ಪು."

ಆ ಹತ್ತು ದಿನ ಅವಳು ಮನೆಯಲ್ಲಿ ಕೂತು ಮೊದಲು ಮಾಡಿದ ಕೆಲಸ ದನಿಯ ವೇಗವನ್ನು ಅತ್ಯಂತ ಕೆಳಗೆ ಇಳಿಸಿದ್ದು. ಅಂಗನವಾಡಿ ಟೀಚರು ಮಕ್ಕಳಿಗೆ ಹೇಳಿದಂತೆ ಅದು ಒಂದೊಂದೇ ಶಬ್ದ ಹೇಳತೊಡಗಿತು. ಕೇಳಿ ಕೇಳಿ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಾಲ್ಕು ಸಲ ಎದ್ದು ಹೋದಳು, ನಾಲ್ಕು ಸಲ ಬಂದು ಕೂತಳು. ಶಶಿಕಾಂತ ಅಂಗಡಿಯಿಂದ ಫೋನು ಮಾಡುವನು, ಇವಳು ಎತ್ತುವಳು, ಇಡುವಳು. ಅವನು ಮತ್ತೆ ಮಾಡುವನು. ಒಂದು ದಿನ ಅರವತ್ತು ಸಲ ಮಾಡಿದ. "ಮೋಟಾರ್ ಸುತ್ತುವಾಗ ಒಂದು ಸುತ್ತು ತಪ್ಪಿದ್ರ ನಾನೂ ಪೂರಾ ಬಿಚ್ಚಿ ಮೊದಲಿಂದ ಸುತ್ತತೀನಿ" ಎಂದ, ಬೇಸರವಿಲ್ಲದೆ. ಎರಡು ಬೆರಳಿಂದ ಎರಡು ಸಲ ಬಡಿಯುವ ಹಳೇ ಚಟ ಏಳನೇ ದಿನ ಬಿಟ್ಟಿತು. ಒಂದು ಸಲ ಬಡಿದರೆ ದನಿ ಸುಮ್ಮನಾಗುತ್ತದೆ, ಕರೆ ಉಳಿಯುತ್ತದೆ ಎಂಬುದು ಬೆರಳಿಗೆ ಬಂತು.

ಕೆಲಸಕ್ಕೆ ಮರಳಿದ ದಿನ ಅವಳ ಹೆಸರಿಗೆ ಹೆಡ್ ಆಫೀಸಿನಿಂದ ಎಚ್ಚರಿಕೆ ಪತ್ರ ಬಂದಿತ್ತು. ಹೊಸ ಫೋನು ಅದನ್ನು ನಿಧಾನವಾಗಿ, ಒಂದಕ್ಷರ ಬಿಡದೆ ಓದಿತು. ಪೂರ್ತಿ ಕೇಳಿ, ಸ್ವೀಕರಿಸಿದ್ದೇನೆ ಎಂದು ಉತ್ತರ ಕಳಿಸಿದಳು. ಮೈಲಾರೆಪ್ಪನ ಅರ್ಧ ಎಕರೆಯ ತೊಗರಿ ಒಣಗಿಹೋಯಿತು. ಉಳಿದದ್ದು ಹೂವಿಗೆ ಬಂತೆಂದು ಸಾಜಿಯಾ ಒಮ್ಮೆ ಫೋನಿನಲ್ಲಿ ಹೇಳಿದಳು. ಅವನು ಮಾತ್ರ ಮತ್ತೆ ಫೋನು ಮಾಡಲಿಲ್ಲ. ಕುಪ್ಪೇಲೂರು ಎಂಬ ಹೆಸರು ಕೇಳಿದಾಗಲೆಲ್ಲ ಸುಧಾರಾಣಿ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದಳು.

ಅಂದಿನಿಂದ ಅವಳು ಯಾವ ರೈತನಿಗೂ ಮೊದಲು ಉತ್ತರ ಹೇಳುವುದಿಲ್ಲ. "ಅದ ಹೊಲದಾಗ ಮತ್ತೇನೇನು ಅದಾವ್ರಿ?" ಎಂದು ಕೇಳುತ್ತಾಳೆ, ಅವರು ಪೂರ್ತಿ ಹೇಳುವವರೆಗೆ ಕಾಯುತ್ತಾಳೆ. ಒಂದೊಂದು ಕರೆಗೆ ಹೊತ್ತು ಹೆಚ್ಚು ಹಿಡಿಯುತ್ತದೆ. ಶಿವಾನಂದ ಮೊದಮೊದಲು ಗೊಣಗಿದ, ದಸರಾ ಕಳೆದ ಮೇಲೆ ಐದೂ ಜನರೂ ಹಾಗೇ ಕೇಳಬೇಕೆಂದು ತಾನೇ ಹೇಳಿದ.

ದೀಪಾವಳಿಯ ಹಿಂದಿನ ವಾರ ಅವನು ಅವಳ ಮೇಜಿನ ಹತ್ತಿರ ಬಂದು, ಬರುವ ವರ್ಷ ಫೋನು, ಟ್ಯಾಬ್ಲೆಟ್ಟು ಎಲ್ಲ ಮತ್ತೆ ಬದಲಾಗಬಹುದಂತೆ, ಹೆಡ್ ಆಫೀಸಿನಲ್ಲಿ ಮಾತು ನಡೆದಿದೆ ಎಂದ.

"ಬರ್ಲಿ ಬಿಡ್ರಿ. ಆದ್ರ ಕಾಲ್ ಶುರು ಮಾಡೋ ಒಂದು ತಿಂಗಳು ಮೊದಲ ನನ್ನ ಕೈಯಾಗ ಕೊಡಬೇಕು."

"ಕೊಡಸೋಣಂತ," ಎಂದು ಶಿವಾನಂದ ನಕ್ಕ.

"ಬರದು ಕೊಡ್ರಿ ಸರ್. ಈಗ."

ಅವಳು ನಗುತ್ತಿಲ್ಲ ಎಂದು ಅವನಿಗೆ ಗೊತ್ತಾಯಿತು. ಪಕ್ಕದ ಕುರ್ಚಿ ಎಳೆದುಕೊಂಡು ಕೂತ, ಹೆಡ್ ಆಫೀಸಿನ ವಿಳಾಸಕ್ಕೆ ಪತ್ರ ಬರೆಯತೊಡಗಿದ. ಅವನು ಒಂದೊಂದು ಸಾಲು ಮುಗಿಸಿದಂತೆ ಸುಧಾರಾಣಿ ಅದನ್ನು ಗಟ್ಟಿಯಾಗಿ ಓದಿಸಿಕೊಂಡಳು. "ಒಂದು ತಿಂಗಳು" ಎಂದಿರುವ ಕಡೆ "ಕಮ್ಮಿ ಅಂದ್ರೂ" ಎಂದು ಸೇರಿಸಲು ಹೇಳಿದಳು.